ಕೋಬೆಯ ಬೆನ್ನ ಮೇಲಿನ ಸಾಲು

ಆಗಸ್ಟ್ 5, 2006, ಶನಿವಾರ

ಇವತ್ತು ಗೋಪಿನಾಥ್ ಬಂದು ನನ್ನ ಕಾರನ್ನು ಹೆಣ್ಣು ನೋಡುವ ಹಾಗೆ ನೋಡಿ ಹೋದರು. ಬಾನೆಟ್ ತಟ್ಟಿದರು, ಬಾಗಿಲು ತೆಗೆದು ಹಾಕಿ ಸದ್ದು ಕೇಳಿದರು, ಸುತ್ತ ಎರಡು ಪ್ರದಕ್ಷಿಣೆ ಬಂದರು. ಹಾಡು ಬರುತ್ತದೆಯೇ ಎಂದು ಕೇಳುವುದೊಂದು ಬಾಕಿ ಇತ್ತು.

ಗೋಪಿನಾಥ್ ನನ್ನ ಮಗ ಮರ್ವಿನ್‌ನ ಧಣಿ. ಬೆಂಗಳೂರಿನವರು, ಮಾತು ನಯ. ಇಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜರ್ಮನ್ ಕಾರುಗಳನ್ನು ತರಿಸಿ ಮಾರುವ ಶೋರೂಮ್ ಇಟ್ಟಿದ್ದಾರೆ. ಅದನ್ನೀಗ ದೊಡ್ಡದು ಮಾಡಿದ್ದಾರೆ, ಮುಂದಿನ ತಿಂಗಳು ಹದಿನಾರಕ್ಕೆ ಉದ್ಘಾಟನೆ. ಗಾಜಿನ ಹಿಂದೆ, ಎಲ್ಲರ ಕಣ್ಣಿಗೆ ಬೀಳುವ ಕಡೆ ನನ್ನ ಬೀಟಲ್ ನಿಲ್ಲಬೇಕಂತೆ. ಪಕ್ಕದಲ್ಲಿ ಒಂದು ಬೋರ್ಡ್, ಅದರಲ್ಲಿ ಈ ಕಾರಿನ ಮತ್ತು ಅದನ್ನು ಮಾಡಿದ ಕಂಪನಿಯ ಚರಿತ್ರೆ. ಬರೆದುಕೊಡಬೇಕಾದವಳು ನಾನು.

ಇದರ ಹಿಂದೆ ಮರ್ವಿನ್‌ನ ಕೈವಾಡ ಇದೆ ಎಂದು ನನಗೆ ಗೊತ್ತು. ಅರವತ್ತೆಂಟು ವರ್ಷದ ಅಮ್ಮ ನೈರೋಬಿಯ ರಸ್ತೆಯಲ್ಲಿ ಮಟಾಟುಗಳ, ಆ ಬಾಡಿಗೆ ವ್ಯಾನುಗಳ ನಡುವೆ ನುಗ್ಗುವುದು ಅವನಿಗೆ ಇಷ್ಟವಿಲ್ಲ. ಗನ್ ತೋರಿಸಿ ಕಾರು ಕಸಿಯುವವರ ಕಥೆಯನ್ನು ದಿನಕ್ಕೊಂದರಂತೆ ತರುತ್ತಾನೆ. ಆದರೆ ಗೋಪಿನಾಥ್, "ಇಂಥ ಕಂಡೀಷನ್‌ನಲ್ಲಿ ಇಡೀ ಕೀನ್ಯಾದಲ್ಲಿ ಇನ್ನೊಂದಿಲ್ಲ ಆಂಟಿ" ಅಂದರು. ನಾನು ಹೊಗಳಿಕೆಗೆ ಬಿದ್ದೆ. ಮಾರುವುದಲ್ಲ, ನಿಲ್ಲಿಸಲು ಕೊಡುವುದಷ್ಟೇ ಎಂದು ಒಪ್ಪಿದೆ.

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ ಮುಗಿದ ಮೇಲೆ ಮಾತ್ರ ಕೊಡುತ್ತೇನೆ ಎಂದಿದ್ದೇನೆ. ಹಬ್ಬದ ಮರುದಿನ ತೆನೆ ಹಂಚುವ ನನ್ನ ಸುತ್ತಾಟಕ್ಕೆ ಕಾರು ಬೇಕೇ ಬೇಕು.

ಆಗಸ್ಟ್ 7, ಸೋಮವಾರ

ಬೋರ್ಡಿಗೆ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಬರೆಯುವುದು ಕಚೇರಿ ಕೆಲಸದ ಹಾಗೆ. ಆದ್ದರಿಂದ ಮೊದಲು ಇಲ್ಲಿ, ಮಂಗಳೂರಿನ ಸಿಸ್ಟರುಗಳು ಕಲಿಸಿದ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಈ ಮನೆಯಲ್ಲಿ ಇದನ್ನು ಓದಬಲ್ಲವರು ನನ್ನ ಗಂಡ ಇಗ್ನೇಶಿಯಸ್ ಒಬ್ಬರೇ, ಅವರಿಗೆ ಕನ್ನಡಕ ಹುಡುಕುವ ಸೋಮಾರಿತನ.

ಫೋಕ್ಸ್‌ವ್ಯಾಗನ್ ಅಂದರೆ ಜನರ ಕಾರು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ನೀರಿನ ಹಂಗಿಲ್ಲ. ನಮ್ಮ ಸಫಾರಿ ರ್‍ಯಾಲಿಯನ್ನು ಐವತ್ತರ ದಶಕದಲ್ಲಿ ಗೆದ್ದಿತು, ಅರವತ್ತೆರಡರಲ್ಲಿ ಮತ್ತೆ ಗೆದ್ದಿತು. ಕೆಸರಿನಲ್ಲಿ ದೊಡ್ಡ ದೊಡ್ಡ ಕಾರುಗಳು ಹೂತುಹೋಗಿದ್ದಾಗ ಇದು ನುಸುಳಿಕೊಂಡು ಬಂದಿತ್ತು. ಅದಕ್ಕೇ ನಾನು ಅರವತ್ತೇಳರಲ್ಲಿ ಇದನ್ನೇ ಕೊಂಡೆ, ನನ್ನ ಸ್ವಂತ ಸಂಬಳದಲ್ಲಿ. ಸೂಲಗಿತ್ತಿ ನರ್ಸಿಗೆ ಕಾರು ಯಾಕೆ ಎಂದು ಕೇಳಿದವರೆಲ್ಲ ಆಮೇಲೆ ಬಸಿರಾದಾಗ ನನ್ನ ಮನೆ ಬಾಗಿಲಿಗೇ ಬಂದರು.

ಈಸ್ಟ್‌ಲೀ, ಕರಿಯೋಬಾಂಗಿ ಕಡೆಯ ಹೆಂಗಸರು ಅದಕ್ಕೆ ಕೋಬೆ ಎಂದು ಹೆಸರಿಟ್ಟರು, ಸ್ವಾಹಿಲಿಯಲ್ಲಿ ಆಮೆ ಎಂದು. ಮರ್ವಿನ್ ಹುಟ್ಟುವ ಹೊತ್ತಿಗೆ ನಾನೇ ಅದನ್ನು ಓಡಿಸಿಕೊಂಡು ಆಸ್ಪತ್ರೆಗೆ ಹೋದೆ. ಇಗ್ನೇಶಿಯಸ್‌ಗೆ ಡ್ರೈವಿಂಗ್ ಬಾರದು. ಅವರು ಪಕ್ಕದ ಸೀಟಿನಲ್ಲಿ ಕೂತು ಜಪಮಾಲೆ ತಿರುಗಿಸುತ್ತಿದ್ದರು, ನಾನು ಹಲ್ಲು ಕಚ್ಚಿ ಗೇರ್ ತಿರುಗಿಸುತ್ತಿದ್ದೆ. ಇದನ್ನು ಬೋರ್ಡಿನಲ್ಲಿ ಹಾಕಬಾರದು ಎಂದು ಮರ್ವಿನ್ ಕೈಮುಗಿದಿದ್ದಾನೆ.

ಆಗಸ್ಟ್ 13, ಭಾನುವಾರ

ಮರ್ವಿನ್‌ನ ಮಗಳು, ನನ್ನ ಮೊಮ್ಮಗಳು ಈಲೇನ್‌ಗೆ ಹದಿಮೂರು ವರ್ಷ, ನಾಲಿಗೆಗೆ ಮೂವತ್ತು. ಶಾಲೆಗೆ ರಜೆ. ಬೋರ್ಡಿನ ಬರಹವನ್ನು ಟೈಪ್ ಮಾಡಿಕೊಡು ಎಂದು ಕೊಟ್ಟಿದ್ದೆ. ಸೈಬರ್ ಕೆಫೆಯಿಂದ ಒಂದು ಕಟ್ಟು ಕಾಗದ ಹಿಡಿದು ಬಂದಳು. ಗ್ರ್ಯಾನಿ, ಯುದ್ಧದ ವರ್ಷಗಳನ್ನು ನೀವು ಬಿಟ್ಟಿದ್ದೀರಿ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು.

ಆ ಕಾರ್ಖಾನೆ ಕಟ್ಟಿಸಿದ್ದು ಹಿಟ್ಲರನ ಕಾಲದಲ್ಲಂತೆ. ಅದು ನನಗೂ ಗೊತ್ತು. ಯುದ್ಧ ಬಂದಾಗ ಅಲ್ಲಿ ದುಡಿಸಿದ್ದು ಪೋಲೆಂಡ್, ರಷ್ಯಾ ಮತ್ತೆ ಎಲ್ಲೆಲ್ಲಿಂದಲೋ ಬಲವಂತವಾಗಿ ಹಿಡಿದು ತಂದ ಸಾವಿರಾರು ಜನರನ್ನಂತೆ. ಅವರಲ್ಲಿ ಹೆಂಗಸರಿದ್ದರು. ಅವರಿಗೆ ಮಕ್ಕಳು ಹುಟ್ಟಿದರೆ ತಾಯಿಯಿಂದ ಕಿತ್ತು ಒಂದು ಶಿಶುಗೃಹಕ್ಕೆ ಹಾಕುತ್ತಿದ್ದರಂತೆ. ಅಲ್ಲಿ ಮುನ್ನೂರಕ್ಕೂ ಹೆಚ್ಚು ಕೂಸುಗಳು ಸತ್ತವಂತೆ.

ನಾನು ಸಿಟ್ಟಾದೆ. ಇಂಟರ್‌ನೆಟ್‌ನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು ಎಂದೆ. ಹಳೆಯದನ್ನು ಕೆದಕಿ ಏನು ಪ್ರಯೋಜನ ಎಂದೆ. ನನ್ನ ಕಾರು ಹುಟ್ಟಿದ್ದೇ ಅರವತ್ತೇಳರಲ್ಲಿ, ಅದಕ್ಕೂ ಇದಕ್ಕೂ ಎಂಥ ಸಂಬಂಧ ಎಂದೆ. ಅವಳು ಕಾಗದಗಳನ್ನು ಜೋಡಿಸಿಕೊಂಡು ಎದ್ದುಹೋದಳು. ಬಾಯಿ ಮಾಡಿದ್ದರೆ ವಾಸಿ ಇತ್ತು.

ಆಗಸ್ಟ್ 14

ಸುಳ್ಳು. ಒಂದು ಕೂಸನ್ನು ಉಳಿಸಲು ಏನು ಬೇಕು? ಹಾಲು, ಬಿಸುಪು, ಚೊಕ್ಕಟದ ಬಟ್ಟೆ. ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿದವರ ಹತ್ತಿರ ಇದು ಇರಲಿಲ್ಲವೇ? ಸುಳ್ಳು.

ಆಗಸ್ಟ್ 19, ಶನಿವಾರ

ಈಲೇನ್‌ಗೆ ತಕ್ಕ ಉತ್ತರ ತರಬೇಕೆಂದು ಸ್ಪ್ರಿಂಗ್ ವ್ಯಾಲಿಯ ಕಾನ್ವೆಂಟಿಗೆ ಹೋದೆ. ಸಿಸ್ಟರ್ ಹಿಲ್ಡೆಗಾರ್ಡ್ ಅಲ್ಲಿದ್ದಾರೆ. ಜರ್ಮನಿಯವರು, ನನ್ನ ಜೊತೆ ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೆರಿಗೆ ನೋವಿನಲ್ಲಿದ್ದವರಿಗೆ "ಇನ್ನು ಸ್ವಲ್ಪವೇ" ಎಂದು ನಾವೆಲ್ಲ ಸಮಾಧಾನ ಹೇಳಿದರೆ, ಅವರು "ಇನ್ನೂ ತುಂಬಾ ಇದೆ" ಎನ್ನುವವರು.

ಕೇಳಿದೆ. ಅವರು ಟೀ ಲೋಟವನ್ನು ಕೆಳಗಿಟ್ಟು, ತಮ್ಮ ಅಮ್ಮ ಆ ಕಾರಿಗಾಗಿ ವಾರ ವಾರ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟ್ಯಾಂಪ್ ಅಂಟಿಸುತ್ತಿದ್ದರು ಎಂದರು. ಸ್ಟ್ಯಾಂಪ್ ತುಂಬಿದರೆ ಕಾರು ಕೊಡುತ್ತೇವೆ ಎಂದಿದ್ದರಂತೆ. ಕಾರು ಯಾರಿಗೂ ಬರಲಿಲ್ಲ. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಕಾರ್ಖಾನೆಯನ್ನು ಮತ್ತೆ ನಡೆಸಿದ್ದು ಬ್ರಿಟಿಷ್ ಸೇನೆಯವರಂತೆ.

"ಮತ್ತೆ ಆ ಮಕ್ಕಳು?" ಎಂದು ಕೇಳಿದೆ.

"ನಿಜ, ವೆರೋನಿಕಾ" ಅಂದರು. "ಕಂಪನಿಯೇ ಚರಿತ್ರೆಯ ಪಂಡಿತರನ್ನು ಕೂರಿಸಿ ಅದನ್ನು ಬರೆಸಿತು. ಕಾರ್ಖಾನೆಯೊಳಗೇ ಈಗ ನೆನಪಿನ ಜಾಗ ಮಾಡಿದ್ದಾರೆ. ಮಕ್ಕಳ ಮೇಲೆ ನಿಗಾ ಇಡಬೇಕಾಗಿದ್ದ ಡಾಕ್ಟರನ್ನು ಯುದ್ಧ ಮುಗಿದ ಮೇಲೆ ಗಲ್ಲಿಗೆ ಹಾಕಿದರು."

ನಾನು ಟೀ ಮುಗಿಸದೆ ಎದ್ದೆ. ನನಗೆ ಅವರ ಮೇಲೆ ಸಿಟ್ಟು ಬಂತು. ವೆಸ್ಟ್‌ಲ್ಯಾಂಡ್ಸ್ ರೌಂಡ್‌ಅಬೌಟಿನಲ್ಲಿ ಒಬ್ಬ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅವನಿಗೆ ಕೊಂಕಣಿಯಲ್ಲಿ ಬೈದು ಸಿಟ್ಟು ತೀರಿಸಿಕೊಂಡೆ.

ಆಗಸ್ಟ್ 23, ಬುಧವಾರ

ಕಾರು ಹೊರಗೆ ತೆಗೆದಿಲ್ಲ. ಮಾರ್ಕೆಟಿಗೆ ಮಟಾಟುವಿನಲ್ಲಿ ಹೋದೆ. ಮರ್ವಿನ್‌ಗೆ ಖುಷಿ. ಅಮ್ಮ ಕೊನೆಗೂ ದಾರಿಗೆ ಬಂದಳು ಎಂದುಕೊಂಡಿದ್ದಾನೆ.

ಆಗಸ್ಟ್ 30, ಬುಧವಾರ

ಮೊಂತಿ ಹಬ್ಬದ ನೊವೆನಾ ಶುರು. ಒಂಬತ್ತು ದಿನ ಮಕ್ಕಳು ಹೂ ತಂದು ಶಿಶು ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಈಲೇನ್ ಈಗ ದೊಡ್ಡವಳು, ಹೂ ಎರಚಲು ನಾಚಿಕೆ. ಚಿಕ್ಕವರ ಹಿಂದೆ ನಿಂತು ಬುಟ್ಟಿ ಹಿಡಿದಿದ್ದಳು. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ.

ಪ್ರತಿಮೆ ಗೇಣುದ್ದ ಇದೆ. ಹಾಡು ಮುಗಿಯುವಷ್ಟರಲ್ಲಿ ಹೂವಿನಲ್ಲಿ ಕುತ್ತಿಗೆವರೆಗೆ ಮುಳುಗಿತ್ತು. ಒಂದು ಹೆಣ್ಣು ಕೂಸು ಹುಟ್ಟಿತು ಎಂಬುದಕ್ಕೆ ಎಷ್ಟು ಸಂಭ್ರಮ. ನನಗೆ ಹಾಡಲಾಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಇಗ್ನೇಶಿಯಸ್‌ಗೆ ಹೇಳಿದೆ. ಅವರು ಕರಿಮೆಣಸಿನ ಕಷಾಯ ಮಾಡಿಕೊಟ್ಟರು.

ಸೆಪ್ಟೆಂಬರ್ 8, ಶುಕ್ರವಾರ, ಮೊಂತಿ ಹಬ್ಬ

ಮ್ವೆಯಾದ ಭತ್ತದ ಗದ್ದೆಯಿಂದ ಹೊಸ ತೆನೆ ಬಂದಿತ್ತು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟರು. ಮನೆಗೆ ಬಂದು ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲ ಸೇರಿಸಿ ನೊವೆಂ ಮಾಡಿದೆ. ಊಟಕ್ಕೆ ಮೊದಲು ಮನೆಯ ಹಿರಿಯರು ಅದನ್ನು ಎಲ್ಲರಿಗೂ ಪಾಲು ಹಾಕಬೇಕು. ದೂರ ಇರುವವರ ಪಾಲನ್ನೂ ಹೆಸರು ಹೇಳಿ ಒಂದು ಬಟ್ಟಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ.

ಇಗ್ನೇಶಿಯಸ್ ಹೆಸರು ಹೇಳುತ್ತಾ ಹಾಕಿದರು. ಮಂಗಳೂರಿನ ತಮ್ಮನಿಗೆ ಒಂದು ಚಮಚ. ಕುವೈತಿನ ತಂಗಿಗೆ ಒಂದು ಚಮಚ. ಬಟ್ಟಲು ಮುಚ್ಚಲು ಹೋದಾಗ ನಾನು ತಡೆದೆ.

"ಇನ್ನೊಂದು ಪಾಲು ಹಾಕಿ."

"ಯಾರಿಗೆ ಮಾರಾಯ್ತಿ?"

"ಆ ಮಕ್ಕಳಿಗೆ. ಕಾರ್ಖಾನೆಯ ಮಕ್ಕಳಿಗೆ."

ಸತ್ತವರಿಗೆ ನೊವೆಂ ಹಾಕುವ ಕ್ರಮ ನಮ್ಮಲ್ಲಿ ಇಲ್ಲವಲ್ಲ ಎಂದರು ಅವರು. ತಪ್ಪು ಹುಡುಕಲಿಕ್ಕಲ್ಲ, ಕ್ರಮ ಹೇಳಿದ್ದು. ನನಗೆ ಅಳು ಬಂತು. "ನಮ್ಮ ಸತ್ತವರೆಲ್ಲ ಬದುಕಿದ್ದಾಗ ತಿಂದು ಹೋದವರು. ಆ ಕೂಸುಗಳಿಗೆ ಒಂದು ಸಲವೂ ಯಾರೂ ಪಾಲು ಹಾಕಲಿಲ್ಲ. ಹಾಕಿ" ಎಂದೆ.

ಅವರು ಹಾಕಿದರು. ಚಮಚ ತುಂಬಿಸಿಯೇ ಹಾಕಿದರು. ಈಲೇನ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬಂದು ಕೂತಳು. ಮರ್ವಿನ್ ತಟ್ಟೆ ನೋಡುತ್ತಿದ್ದ.

ಸೆಪ್ಟೆಂಬರ್ 9, ಶನಿವಾರ

ತೆನೆ ಹಂಚುವ ಸುತ್ತಾಟ. ನನ್ನ ಕೈಯಲ್ಲಿ ಹೆರಿಗೆಯಾದವರ ಮನೆಗಳಿಗೆ ಪ್ರತಿವರ್ಷ ಒಂದೊಂದು ತೆನೆ ಒಯ್ದು ಬಾಗಿಲಿಗೆ ಕಟ್ಟುತ್ತೇನೆ. ಅವರ ಜಾತಿ, ದೇವರು ಯಾವುದು ಎಂದು ನಾನು ಕೇಳುವುದಿಲ್ಲ, ತೆನೆ ಯಾವ ದೇವರದ್ದೆಂದು ಅವರೂ ಕೇಳುವುದಿಲ್ಲ. ಕೊನೆಯದ್ದನ್ನು ಕಾರಿನ ಕನ್ನಡಿಗೆ ಕಟ್ಟುವುದು. ಈಲೇನ್ ಜೊತೆಗೆ ಬಂದಳು.

ಕೋಬೆ ಶೋರೂಮಿಗೆ ಹೋಗುತ್ತದೆ ಎಂದು ಕರಿಯೋಬಾಂಗಿಯ ವಂಜಿರುಗೆ ಹೇಳಿದೆ. ಅವಳ ಮೂರೂ ಮಕ್ಕಳು ನನ್ನ ಕೈಯಲ್ಲಿ ಹುಟ್ಟಿದವು, ಎರಡನೆಯದು ಈ ಕಾರಿನ ಹಿಂದಿನ ಸೀಟಿನಲ್ಲೇ. ಅವಳು ಕಾರಿನ ಬೆನ್ನು ಸವರಿ, ಮುಂದಿನ ವರ್ಷ ತೆನೆ ಹೇಗೆ ತರುತ್ತೀ ಮಾಮಾ ಎಂದು ಕೇಳಿದಳು. ಮಾಮಾ ಅಂದರೆ ಇವರ ಭಾಷೆಯಲ್ಲಿ ಅಮ್ಮ. ನಾನು ಅವಳ ಬಾಗಿಲಿಗೆ ತೆನೆ ಕಟ್ಟಿ ಹೊರಟೆ.

ಮನೆಗೆ ಬರುವಾಗ ಬೋರ್ಡಿಗೆ ಒಂದು ಸಾಲು ಸೇರಿಸಬೇಕು ಎಂದು ಈಲೇನ್‌ಗೆ ಹೇಳಿದೆ. ಸಾಲನ್ನು ಇಬ್ಬರೂ ಸೇರಿ ಮಾಡಿದೆವು: "ಯುದ್ಧಕಾಲದಲ್ಲಿ ಈ ಕಾರು ಮಾಡಿದ ಕಾರ್ಖಾನೆಯಲ್ಲಿ ಬಲವಂತವಾಗಿ ದುಡಿಸಿದ ತಾಯಂದಿರಿಂದ ಕಿತ್ತುಕೊಂಡ ನೂರಾರು ಕೂಸುಗಳು ಸತ್ತವು, ಅವರನ್ನು ನೆನೆಯಿರಿ." ಅವಳು ಇಂಗ್ಲಿಷಿಗೆ ಹಾಕಿದಳು. ರ್‍ಯಾಲಿ ಗೆದ್ದದ್ದು, ಗಾಳಿ ಎಂಜಿನ್, ಎಲ್ಲ ಹಾಗೇ ಇರಲಿ. ಅವೂ ನಿಜವೇ.

ಸೆಪ್ಟೆಂಬರ್ 12, ಮಂಗಳವಾರ

ಕಾರನ್ನು ಶೋರೂಮಿಗೆ ನಾನೇ ಓಡಿಸಿಕೊಂಡು ಹೋಗಿ ಬಿಟ್ಟೆ. ಬರಹವನ್ನೂ ಕೊಟ್ಟೆ. ಗೋಪಿನಾಥ್ ನಗುನಗುತ್ತಾ ಓದುತ್ತಿದ್ದವರು ಆ ಸಾಲಿಗೆ ಬಂದು ನಿಂತರು.

"ನೋಡಿ ಆಂಟಿ, ಜನ ಇಲ್ಲಿಗೆ ಖುಷಿಯಾಗಿ ಕಾರು ತಗೊಳ್ಳೋಕೆ ಬರ್ತಾರೆ. ಹಳೇದನ್ನೆಲ್ಲ ಕೆದಕಿ ಏನು ಪ್ರಯೋಜನ ಹೇಳಿ? ನಿಮ್ಮ ಕಾರು ಹುಟ್ಟಿದ್ದೇ ಸಿಕ್ಸ್ಟಿಸೆವೆನ್‌ನಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಎಂಥ ದಪ್ಪ ಚರ್ಮದ ಮಾತು! ಮನುಷ್ಯರಿಗೆ ಇಂಥ ಮಾತು ಬಾಯಿಗೆ ಬರುವುದಾದರೂ ಹೇಗೆ ಎಂದು ಆಶ್ಚರ್ಯವಾಯಿತು. ಈಲೇನ್ ಪಕ್ಕದಲ್ಲೇ ಇದ್ದಳು. ಅವಳು ನನ್ನ ಮುಖವನ್ನೇ ನೋಡುತ್ತಾ ತುಟಿ ಕಚ್ಚಿ ಹಿಡಿದಿದ್ದಳು, ಯಾಕೋ.

ಕಾರು ಮಾಡಿದವರೇ ತಮ್ಮ ಕಾರ್ಖಾನೆಯೊಳಗೆ ಈ ನೆನಪು ಇಟ್ಟಿದ್ದಾರೆ, ಮಾರುವವರಿಗೆ ಯಾವ ಹೆದರಿಕೆ ಎಂದು ಕೇಳಿದೆ. ಅವರು ನಯವಾಗಿ, "ನೋಡೋಣ ಆಂಟಿ" ಎಂದರು. ನೋಡೋಣ ಎಂದವರು ಬೋರ್ಡನ್ನು ನನಗೆ ತೋರಿಸಿಯೇ ಹಾಕಬೇಕು ಎಂದು ಹೇಳಿ ಬಂದೆ.

ಸೆಪ್ಟೆಂಬರ್ 14, ಗುರುವಾರ

ಮರ್ವಿನ್ ಜೊತೆ ಜಗಳ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ತೆರೆಯುವ ಹೊಸ ಶಾಖೆಯನ್ನು ಅವನ ಕೈಗೆ ಕೊಡುವುದೆಂದು ಗೋಪಿನಾಥ್ ಮಾತು ಕೊಟ್ಟಿದ್ದಾರೆ. ಅದನ್ನು ಉದ್ಘಾಟನೆಯ ದಿನವೇ ಹೇಳುವವರಿದ್ದಾರೆ. ಆ ದಿನ ಅಮ್ಮ ತಕರಾರು ತೆಗೆಯಬಾರದು. ಅವನ ಹೆಂಡತಿಯೂ ಮಗಳೂ ಇದನ್ನೇ ಕಾದು ಕೂತಿದ್ದಾರಂತೆ. ಮಗಳು ಹೌದೋ ಅಲ್ಲವೋ ಎಂದು ಅವನು ಕೇಳಿದಂತಿಲ್ಲ.

"ಮಮ್ಮಿ, ನಿನಗೆ ನಾನು ಮುಖ್ಯವಾ, ಒಂದು ಸಾಲು ಮುಖ್ಯವಾ?"

ನೀನು ಎಂದು ಹೇಳುವುದು ಸುಲಭವಿತ್ತು. ನಿಜವೂ ಆಗಿತ್ತು. ಆದರೆ ನಾನು, "ನೀನು ಹುಟ್ಟಿದ ದಿನ ನಿನ್ನನ್ನು ನನ್ನ ಮಗ್ಗುಲಿಂದ ಕಿತ್ತು ಒಯ್ದಿದ್ದರೆ, ಅದು ಬೋರ್ಡಿಗೆ ಬೇಡದ ವಿಷಯ ಆಗುತ್ತಿತ್ತಾ?" ಎಂದೆ. ಅವನು ಬಾಗಿಲು ಎಳೆದುಕೊಂಡು ಹೋದ. ಹೀಗೆ ಹೇಳಬಾರದಿತ್ತೋ ಏನೋ. ಹೇಳಿ ಆಯಿತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸೆಪ್ಟೆಂಬರ್ 16, ಶನಿವಾರ

ಒಂದೊಂದಾಗಿ ಬರೆಯುತ್ತೇನೆ.

ಶೋರೂಮಿನಲ್ಲಿ ಮೇಳವೇ ಮೇಳ. ಸೂಟು ಹಾಕಿದವರು, ಸಮೋಸ, ಜ್ಯೂಸ್. ನನ್ನ ಕೋಬೆಗೆ ಅದೇನೋ ಪಾಲಿಶ್ ಹಚ್ಚಿ, ಕೆಂಪು ಹಗ್ಗ ಸುತ್ತಿ ನಿಲ್ಲಿಸಿದ್ದರು. ಕನ್ನಡಿಯ ತೆನೆ ಬಿಚ್ಚಿ ತೆಗೆದಿದ್ದರು. ಕಸವೆಂದುಕೊಂಡಿರಬೇಕು.

ಬೋರ್ಡಿನ ಮೇಲೆ ಬಟ್ಟೆ ಮುಚ್ಚಿತ್ತು. ಗೋಪಿನಾಥ್ ಭಾಷಣ ಮಾಡಿ, ನನ್ನನ್ನು ಕರೆದು, ನನ್ನ ಕೈಯಿಂದಲೇ ಬಟ್ಟೆ ಎಳೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಓದಿದೆ. ರ್‍ಯಾಲಿ ಇತ್ತು, ಗಾಳಿ ಎಂಜಿನ್ ಇತ್ತು, ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಆ ಸಾಲು ಇರಲಿಲ್ಲ.

ಗೋಪಿನಾಥ್ ಮೈಕನ್ನು ನನ್ನ ಕೈಗೆ ಕೊಟ್ಟರು. ನಾನು ಅದರಲ್ಲಿ ಮಾತಾಡಲಿಲ್ಲ, ಮೇಜಿನ ಮೇಲಿಟ್ಟೆ. ಹಗ್ಗ ದಾಟಿ ಕಾರಿನ ಬಾಗಿಲು ತೆಗೆದು ಕೂತೆ. ಕೀ ನನ್ನ ಬ್ಯಾಗಿನಲ್ಲಿ ಇನ್ನೊಂದಿದೆ, ಯಾವತ್ತೂ ಇರುತ್ತದೆ. ತಿರುಗಿಸಿದರೆ ಸದ್ದಿಲ್ಲ. ಬ್ಯಾಟರಿ ವಯರ್ ತೆಗೆದಿದ್ದಾರೆ ಎಂದು ತಿಳಿಯಿತು. ಬೀಟಲ್‌ಗೆ ಬ್ಯಾಟರಿ ಹಿಂದಿನ ಸೀಟಿನ ಕೆಳಗೆ. ಇಳಿದು, ಸೀಟು ಎತ್ತಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ವಯರ್ ಕೂಡಿಸಿದೆ. ಬೆರಳೆಲ್ಲ ಕಪ್ಪಾಯಿತು. ಸಭೆಯಲ್ಲಿ ಸಮೋಸ ಅಗಿಯುವ ಸದ್ದು ಮಾತ್ರ.

"ಆಂಟಿ, ಇದು ನೀವು ಮರ್ವಿನ್‌ಗೆ ಮಾಡ್ತಿರೋ ಅನ್ಯಾಯ" ಎಂದರು ಗೋಪಿನಾಥ್. ಆಗಲೂ ಧ್ವನಿ ಎತ್ತಲಿಲ್ಲ.

"ಕಾರು ನನ್ನದು. ಚರಿತ್ರೆ ಅರ್ಧ ಬೇಕಾದರೆ ಕಾರನ್ನೂ ಅರ್ಧ ಇಟ್ಟುಕೊಳ್ಳಿ" ಎಂದೆ.

ಮತ್ತೆ ಕೂತು ಕೀ ತಿರುಗಿಸಿದೆ, ಎಂಜಿನ್ ಶುರುವಾಯಿತು. ಆದರೆ ಎದುರಿಗೆ ಎತ್ತರದ ಗಾಜಿನ ಬಾಗಿಲು, ಮುಚ್ಚಿತ್ತು. ನಾನು ಹಾರ್ನ್ ಹೊಡೆದೆ. ಯಾರೂ ಅಲ್ಲಾಡಲಿಲ್ಲ. ಇಗ್ನೇಶಿಯಸ್ ಎಲ್ಲಿಂದಲೋ ಬಂದು ಪಕ್ಕದ ಸೀಟಿನಲ್ಲಿ ಕೂತು ಜಪಮಾಲೆ ತೆಗೆದರು. ಹಿಂದಿನ ಸೀಟಿಗೆ ಈಲೇನ್ ಹತ್ತಿದಳು. ನಾನು ಇನ್ನೊಮ್ಮೆ ಹಾರ್ನ್ ಹೊಡೆದೆ.

ಆಗ ಮರ್ವಿನ್ ಬಂದ. ನನ್ನ ಕಡೆ ನೋಡಲಿಲ್ಲ. ಮುಖ ಕಪ್ಪಿಟ್ಟಿತ್ತು. ಕೆಂಪು ಹಗ್ಗ ಬಿಚ್ಚಿ ಮಡಚಿ ನೆಲಕ್ಕಿಟ್ಟ. ಕೆಳಗಿನ ಚಿಲಕ ಎಳೆದು ಬಾಗಿಲಿನ ಎರಡೂ ಕದಗಳನ್ನು ನೂಕಿ ಹಿಡಿದು ನಿಂತ. ನಾವು ಹೊರಗೆ ಬಂದೆವು.

ಸೆಪ್ಟೆಂಬರ್ 18, ಸೋಮವಾರ

ವೆಸ್ಟ್‌ಲ್ಯಾಂಡ್ಸ್ ಶಾಖೆ ಬೇರೆಯವನಿಗೆ ಹೋಯಿತು. ಮರ್ವಿನ್‌ನನ್ನು ಕೆಲಸದಿಂದ ತೆಗೆದಿಲ್ಲ, ಹಳೆಯ ಮೇಜಿಗೇ ಕಳಿಸಿದ್ದಾರೆ. ಇದು ನನ್ನಿಂದಲೇ ಆದದ್ದು. ನನಗೆ ಸಂಕಟವಾಗಿದೆ, ಸುಳ್ಳು ಹೇಳುವುದಿಲ್ಲ. ಸಂಜೆ ಅವನು ಬಂದು ಅರ್ಧ ಗಂಟೆ ಕೂತ. ಹೋಗುವಾಗ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಆ ತೆನೆ ಇತ್ತು. ಕಸದ ಡಬ್ಬಿಯಿಂದ ಹುಡುಕಿ ತೆಗೆದನಂತೆ.

ಸೆಪ್ಟೆಂಬರ್ 21, ಗುರುವಾರ

ಮಟಾಟುಗಳಿಗೆ ಚಿತ್ರ, ಅಕ್ಷರ ಬರೆಯುತ್ತಿದ್ದ ಜೋಸೆಫ್‌ನನ್ನು ಹಿಡಿದೆ. ಸರಕಾರದ ಹೊಸ ಕಾನೂನು ಬಂದ ಮೇಲೆ ಅವುಗಳ ಮೇಲೆ ಬರೆಯುವಂತಿಲ್ಲ, ಅವನಿಗೆ ಕೆಲಸ ಕಡಿಮೆ. ಕೋಬೆ ಮಟಾಟು ಅಲ್ಲ, ಅದಕ್ಕೆ ಆ ಕಾನೂನಿಲ್ಲ. ಹಿಂದಿನ ಗಾಜಿನ ಕೆಳಗೆ, ಎಂಜಿನ್ ಮುಚ್ಚಳದ ಮೇಲೆ, ಇಡೀ ಸಾಲನ್ನು ಇಂಗ್ಲಿಷಿನಲ್ಲಿ, ಬಿಳಿ ಅಕ್ಷರದಲ್ಲಿ ಬರೆಸಿದೆ. ಬರೆದು ಮುಗಿಸಿ ಅವನೇ ಒಮ್ಮೆ ಓದಿ, ಬಣ್ಣದ ಡಬ್ಬಿ ಮುಚ್ಚಿದ. ಶೋರೂಮಿಗೆ ದಿನಕ್ಕೆ ಎಷ್ಟು ಜನ ಬಂದಾರು? ನೈರೋಬಿಯ ಜಾಮಿನಲ್ಲಿ ನನ್ನ ಹಿಂದೆ ನಿಲ್ಲುವವರಿಗೆ ಓದಲು ಬೇಕಾದಷ್ಟು ಪುರುಸೊತ್ತು.

ಡ್ರೈವಿಂಗ್ ಬಿಡು ಎಂದು ಈಗ ಯಾರೂ ಹೇಳುತ್ತಿಲ್ಲ.

ಸೆಪ್ಟೆಂಬರ್ 25, ಸೋಮವಾರ

ಎಂಟರ್‌ಪ್ರೈಸ್ ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತು ಜಾಮ್. ಎಂಜಿನ್ ಆರಿಸಿ ಕೂತಿದ್ದೆ. ನನ್ನ ಹಿಂದೆ ಒಂದು ಮಟಾಟು. ಅದರ ಕಂಡಕ್ಟರ್ ಇಳಿದು ಬಂದು, ಬಗ್ಗಿ, ಗಟ್ಟಿಯಾಗಿ ಓದಿ, ಒಳಗಿದ್ದವರಿಗೆಲ್ಲ ಸ್ವಾಹಿಲಿಯಲ್ಲಿ ಹೇಳಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಆಮೇಲೆ ಅವನು ನನ್ನ ಕಿಟಕಿಗೆ ಬಂದ. ನಲವತ್ತು ದಾಟಿದವನು, ಹಲ್ಲಿನ ನಡುವೆ ಕಡ್ಡಿ. ಗಲಾಟೆಗೆ ಬಂದನೆಂದು ನಾನು ಗೇರ್ ಮೇಲೆ ಕೈಯಿಟ್ಟು ಸಿದ್ಧವಾಗಿ ಕೂತೆ.

ಅವನು ಬಾಯಿಯ ಕಡ್ಡಿ ತೆಗೆದು, "ಪೋಲೆ ಸಾನಾ, ಮಾಮಾ" ಎಂದ.

ತುಂಬಾ ನೋವಾಯಿತು ಅಮ್ಮಾ ಎಂದು, ಇಲ್ಲಿ ಸಾವಿನ ಮನೆಗೆ ಹೋದರೆ ಹೇಳುವ ಮಾತು ಅದು. ಸತ್ತವರ ಮನೆಯವರಿಗೆ ಹೇಳುವ ಮಾತು. ಅವು ನನ್ನ ಮಕ್ಕಳಲ್ಲ, ನಾನು ಜರ್ಮನಿಯನ್ನೇ ಕಂಡವಳಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವನು ಕೈ ಚಾಚಿದ್ದ, ನಾನು ಹಿಡಿದುಕೊಂಡೆ.

"ಅಸಾಂಟೆ" ಎಂದೆ, ಧನ್ಯವಾದ ಎಂದು. ಆ ಕೂಸುಗಳ ಕಡೆಯಿಂದ ಯಾರಾದರೂ ಹೇಳಬೇಕಲ್ಲ.